3 2/5 ಯಾಕೆ 11/5 ಆಯಿತು? ಭಿನ್ನರಾಶಿ ಲೆಕ್ಕದ ದೋಷ ನಿವಾರಣೆ

ಹತ್ತು ವರ್ಷದ ಒಬ್ಬ ಹುಡುಗಿ ನನ್ನ ಹತ್ತಿರ ಲೆಕ್ಕ ಹೇಳಿಸಿಕೊಳ್ಳಲು ಬರುತ್ತಿದ್ದಳು. ಒಂದು ಸಂಜೆ 3 2/5 ಅನ್ನು ವಿಷಮ ಭಿನ್ನರಾಶಿ (ಮೇಲಿನ ಸಂಖ್ಯೆ ಕೆಳಗಿನದಕ್ಕಿಂತ ದೊಡ್ಡದಿರುವ ಭಿನ್ನರಾಶಿ) ಮಾಡು ಅಂತ ಕೊಟ್ಟೆ. ಪೆನ್ಸಿಲ್ ಎಲ್ಲೂ ನಿಲ್ಲಲಿಲ್ಲ. ಸರಸರ ಬರೆದಳು: 11/5.

"ಹೇಗೆ ಬಂತು?" ಅಂತ ಕೇಳಿದೆ.

"ಗುಣಿಸಿ ಕೂಡಿಸಬೇಕಲ್ವಾ ಅಕ್ಕಾ? ಮೂರೆರಡ್ಲ ಆರು, ಆರಕ್ಕೆ ಐದು ಸೇರಿಸಿದರೆ ಹನ್ನೊಂದು."

ಮಗ್ಗಿ ಸರಿ. ಕೂಡಿದ್ದೂ ಸರಿ. "ಗುಣಿಸಿ ಕೂಡಿಸು" ಅನ್ನುವುದೂ ನೆನಪಿದೆ. ಯಾವುದನ್ನು ಯಾವುದರಿಂದ ಗುಣಿಸಬೇಕು ಅನ್ನುವುದು ಮಾತ್ರ ಅದಲು ಬದಲಾಗಿದೆ. ಅದಕ್ಕೂ ಮುಂಚೆ ಎರಡು ಸಲ "ಕೆಳಗಿನ ಸಂಖ್ಯೆಯಿಂದ ಗುಣಿಸಮ್ಮಾ" ಎಂದು ತಿದ್ದಿದ್ದೆ. ಆ ದಿನಕ್ಕೆ ಸರಿಹೋಗುತ್ತಿತ್ತು, ಮುಂದಿನ ವಾರ ಮತ್ತೆ ಅದೇ ತಪ್ಪು. ಮೂರನೇ ಸಲ ಸೂತ್ರ ಹೇಳುವ ಬದಲು, ಆವತ್ತು ಅವಳ ತಪ್ಪು ಉತ್ತರವನ್ನೇ ಕೂತು ಓದಿದೆ.

ಭಿನ್ನರಾಶಿಯಲ್ಲಿ ಮಕ್ಕಳು ಸುಮ್ನೆ ಏನೋ ಒಂದು ಬರೆಯುವುದು ತುಂಬಾ ಕಡಿಮೆ. ಹೆಚ್ಚಿನ ತಪ್ಪುಗಳ ಹಿಂದೆ ಒಂದು ಲೆಕ್ಕ ಇದ್ದೇ ಇರುತ್ತದೆ. ಆ ಲೆಕ್ಕವನ್ನು ಹಿಡಿದರೆ ದೋಷ ಎಲ್ಲಿದೆ ಅಂತ ಗೊತ್ತಾಗುತ್ತದೆ. ಮಕ್ಕಳಿಗೆ ಹೇಳಿಕೊಡುವ ಅಪ್ಪ ಅಮ್ಮಂದಿರು, ಪಾಠ ಮಾಡುವವರು, ಮರೆತದ್ದನ್ನು ಮತ್ತೆ ಕಲಿಯಲು ಕೂತ ದೊಡ್ಡವರು, ಎಲ್ಲರಿಗೂ ಕೆಳಗಿನದು ಉಪಯೋಗಕ್ಕೆ ಬರಲಿ ಅಂತ ನನ್ನ ಆಸೆ.

ಬರವಣಿಗೆಯ ಬಗ್ಗೆ ಒಂದು ಮಾತು. ಇಲ್ಲಿ ಭಿನ್ನರಾಶಿಯನ್ನು ಓರೆ ಗೆರೆ ಹಾಕಿ ಬರೆದಿದ್ದೇನೆ. 3 2/5 ಎಂದರೆ ಮೂರು ಪೂರ್ಣ, ಜೊತೆಗೆ ಐದು ಪಾಲಿನಲ್ಲಿ ಎರಡು ಪಾಲು. ಹೀಗೆ ಪೂರ್ಣವೂ ಭಿನ್ನವೂ ಸೇರಿರುವುದು ಮಿಶ್ರ ಭಿನ್ನರಾಶಿ. ಮೇಲಿನದು ಅಂಶ, ಕೆಳಗಿನದು ಛೇದ.

ಮೊದಲು ಎರಡೇ ಪ್ರಶ್ನೆ

ಪುಸ್ತಕ ತೆರೆಯುವ ಮುಂಚೆ, ಬಾಯಲ್ಲೇ ಎರಡು ಪ್ರಶ್ನೆ ಕೇಳಿ.

ಒಂದು: 2/3 ಮತ್ತು 4/5 ಎರಡೂ ಒಂದೇನಾ?

ಎರಡು: 3 ಪೂರ್ಣಗಳನ್ನು ಐದೈದು ಪಾಲು ಮಾಡಿದರೆ ಒಟ್ಟು ಎಷ್ಟು ಪಾಲು? ಅಂದರೆ 3 = ?/5.

ಮೊದಲನೆಯದಕ್ಕೆ "ಹೌದು" ಅಂದರೆ ದೋಷ ಸಮಾನ ಭಿನ್ನರಾಶಿಯಲ್ಲೇ (ಬೆಲೆ ಒಂದೇ ಇರುವ ಬೇರೆ ಬೇರೆ ರೂಪಗಳಲ್ಲೇ) ಇದೆ. ಮಿಶ್ರ ಭಿನ್ನರಾಶಿಗೆ ಆಮೇಲೆ ಬನ್ನಿ. ಮೊದಲನೆಯದು ಸರಿ ಹೇಳಿ ಎರಡನೆಯದಕ್ಕೆ ತಡವರಿಸಿದರೆ, ಪೂರ್ಣ ಸಂಖ್ಯೆಯನ್ನೂ ಭಿನ್ನರಾಶಿಯಾಗಿ ನೋಡಬಹುದು ಅನ್ನುವುದು ಇನ್ನೂ ತಲೆಗೆ ಇಳಿದಿಲ್ಲ. ಎರಡಕ್ಕೂ ಸರಿಯಾಗಿ ಉತ್ತರಿಸಿ ಕಾಗದದ ಮೇಲೆ ಮಾತ್ರ ತಪ್ಪುತ್ತಿದ್ದರೆ ತೊಂದರೆ ಸೂತ್ರದ ಮಾತಿನಲ್ಲಿದೆ, ಬೇಗ ಸರಿಹೋಗುತ್ತದೆ.

ಈ ಕ್ರಮಕ್ಕೆ ಕಾರಣವಿದೆ. 3 ಎಂದರೆ 3/1. ಅದನ್ನು 15/5 ಎಂದು ಬರೆದಾಗ ನಾವು ಮಾಡಿದ್ದು ಸಮಾನ ಭಿನ್ನರಾಶಿಯನ್ನೇ. ಅಂದರೆ ಮಿಶ್ರ ಭಿನ್ನರಾಶಿಯನ್ನು ವಿಷಮ ಮಾಡುವ ಲೆಕ್ಕದ ಹೊಟ್ಟೆಯೊಳಗೆ ಸಮಾನ ಭಿನ್ನರಾಶಿಯ ಲೆಕ್ಕ ಕೂತಿದೆ. ಒಳಗಿನದು ಸಡಿಲ ಇದ್ದರೆ ಹೊರಗಿನದನ್ನು ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ.

ಕನ್ನಡದಲ್ಲಿ ಕಲಿಯುವವರಿಗೆ ಇನ್ನೊಂದು ತೊಡಕಿದೆ, ಅದು ಹೆಸರುಗಳದ್ದು. "ಸಮ ಭಿನ್ನರಾಶಿ" ಎಂದರೆ ಅಂಶ ಛೇದಕ್ಕಿಂತ ಚಿಕ್ಕದಾಗಿರುವುದು, 2/5ರ ಹಾಗೆ. "ಸಮಾನ ಭಿನ್ನರಾಶಿ" ಎಂದರೆ ಬೆಲೆ ಒಂದೇ ಆಗಿರುವ ಬೇರೆ ಬೇರೆ ರೂಪಗಳು, 2/5 ಮತ್ತು 4/10ರ ಹಾಗೆ. ಕಿವಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಸಾಲದ್ದಕ್ಕೆ ಸಮ ಸಂಖ್ಯೆ ಬೇರೆ ಇದೆ. "ಸಮ ಭಿನ್ನರಾಶಿ ಬರೆ" ಅಂದಾಗ 2/4, 6/8 ಎಂದು ಸಮ ಸಂಖ್ಯೆಗಳನ್ನೇ ಹುಡುಕಿ ಬರೆದ ಮಕ್ಕಳನ್ನು ನೋಡಿದ್ದೇನೆ. "ವಿಷಮ" ಅನ್ನುವ ಪದವೂ ಹಾಗೇ. ಏನೋ ಕೆಟ್ಟದ್ದು, ಸರಿಮಾಡಬೇಕಾದ್ದು ಅನ್ನುವ ಭಾವನೆ ತರುತ್ತದೆ. 17/5ರಲ್ಲಿ ಸರಿಮಾಡುವಂಥದ್ದು ಏನೂ ಇಲ್ಲ, ಅಂಶ ಛೇದಕ್ಕಿಂತ ದೊಡ್ಡದು ಅಷ್ಟೇ. ಮಗು ಪ್ರಶ್ನೆಯನ್ನೇ ತಪ್ಪಾಗಿ ಓದಿದೆಯಾ ಅಂತ ಮೊದಲು ನೋಡಿ. ಎಷ್ಟೋ ಸಲ ದೋಷ ಅಲ್ಲಿಗೇ ಮುಗಿದುಹೋಗುತ್ತದೆ.

ಲಕ್ಷಣ: 2/3 = 4/5 ಎಂದು ಬರೆಯುತ್ತಾರೆ

ಇದು ತುಂಬಾ ಸಾಮಾನ್ಯ, ತುಂಬಾ ಆಳದ್ದೂ ಹೌದು. ಮೇಲೆ ಎರಡು ಕೂಡಿಸಿದೆ, ಕೆಳಗೂ ಎರಡು ಕೂಡಿಸಿದೆ, ಹಾಗಾದರೆ ಸಮಾನ ಅಲ್ವಾ? ಮಗುವಿನ ವಾದ ಇದು. ಈ ವಾದ ಬಂದದ್ದು ನಮ್ಮಿಂದಲೇ. "ಮೇಲೆ ಏನು ಮಾಡುತ್ತೀಯೋ ಕೆಳಗೂ ಅದನ್ನೇ ಮಾಡು" ಅಂತ ನಾವು ಹೇಳುತ್ತೇವೆ. "ಗುಣಿಸುವುದಾದರೆ" ಅನ್ನುವ ಮಾತು ನಮ್ಮ ಬಾಯಲ್ಲಿ ಬಿಟ್ಟುಹೋಗಿರುತ್ತದೆ.

ಇದನ್ನು "ತಪ್ಪು" ಅಂದು ಹೊಡೆದುಹಾಕಬೇಡಿ. ಅದೇ ನಿಯಮವನ್ನು ಮಗುವಿನ ಕೈಯಲ್ಲೇ ಮುಂದುವರಿಸಿ. 1/2ಕ್ಕೆ ಮೇಲೊಂದು ಕೆಳಗೊಂದು ಕೂಡಿಸು: 2/3. ಮತ್ತೆ ಕೂಡಿಸು: 3/4. ಹೀಗೇ ಹೋಗುತ್ತಾ ಹೋಗುತ್ತಾ 99/100. "ಈಗ ಹೇಳು, ಅರ್ಧವೂ ನೂರರಲ್ಲಿ ತೊಂಬತ್ತೊಂಬತ್ತು ಪಾಲೂ ಒಂದೇನಾ?" ಈ ಪ್ರಶ್ನೆಗೆ ಮಗು ತಾನೇ ನಕ್ಕು "ಇಲ್ಲ" ಅನ್ನುತ್ತದೆ. ಅಲ್ಲಿಗೆ ನಿಯಮ ತಾನಾಗಿಯೇ ಬಿತ್ತು.

ಬಿದ್ದ ಜಾಗದಲ್ಲಿ ಇನ್ನೊಂದನ್ನು ನಿಲ್ಲಿಸಬೇಕು. ಅದಕ್ಕೆ ಒಂದು ಕಾಗದದ ಪಟ್ಟಿ ಸಾಕು. ಉದ್ದಕ್ಕೆ ನಾಲ್ಕು ಪಾಲಾಗುವಂತೆ ಮಡಚಿ ಬಿಡಿಸಿ. ಮೂರು ಪಾಲಿಗೆ ಪೆನ್ಸಿಲ್‌ನಿಂದ ಬಣ್ಣ ತುಂಬಿಸಿ. ಇದು 3/4. ಈಗ ಪಟ್ಟಿಯನ್ನು ಇನ್ನೊಂದು ಕಡೆಯಿಂದ ಸರಿಯಾಗಿ ಅರ್ಧಕ್ಕೆ ಮಡಚಿ ಬಿಡಿಸಿ. ಮಡಿಕೆಯ ಗೆರೆಗಳ ನಡುವಿನ ತುಂಡುಗಳನ್ನು ಎಣಿಸಲು ಹೇಳಿ: ಒಟ್ಟು ಎಂಟು ತುಂಡು, ಬಣ್ಣದವು ಆರು. ಮುಖ್ಯ ಪ್ರಶ್ನೆ ಆಮೇಲೆ ಬರುತ್ತದೆ: "ಬಣ್ಣ ಜಾಸ್ತಿ ಆಯಿತಾ, ಕಡಿಮೆ ಆಯಿತಾ?" ಎರಡೂ ಇಲ್ಲ. ಬಣ್ಣ ಇದ್ದಲ್ಲೇ ಇದೆ. ಪ್ರತಿ ತುಂಡೂ ಎರಡಾಯಿತು, ಬಣ್ಣದ್ದೂ ಎರಡಾಯಿತು, ಬಿಳಿಯದ್ದೂ ಎರಡಾಯಿತು. 3/4 ಮತ್ತು 6/8 ಒಂದೇ ಯಾಕೆ ಅನ್ನುವುದಕ್ಕೆ ಇಡೀ ಕಾರಣ ಇಷ್ಟೇ.

"ಮೇಲೊಂದು ಕೆಳಗೊಂದು ಕೂಡಿಸು" ಎಂದರೆ ಪಟ್ಟಿಯಲ್ಲಿ ಏನು ಮಾಡಬೇಕಾಗುತ್ತದೆ ಅಂತಲೂ ಕೇಳಿ ನೋಡಿ. ಬಣ್ಣ ಹಚ್ಚಿದ ಇನ್ನೊಂದು ತುಂಡನ್ನು ತಂದು ಅಂಟಿಸಬೇಕು. ಅಂದಮೇಲೆ ಬಣ್ಣ ಹೆಚ್ಚಾಗಲೇಬೇಕು.

ಕೆಲವು ಮಕ್ಕಳು ಇನ್ನೊಂದು ದಾರಿಯಿಂದ ಇದೇ ತಪ್ಪಿಗೆ ಬರುತ್ತಾರೆ. 2/3ರಲ್ಲಿ ಒಂದು ತುಂಡು ಕಮ್ಮಿ, 4/5ರಲ್ಲೂ ಒಂದು ತುಂಡು ಕಮ್ಮಿ, ಆದ್ದರಿಂದ ಎರಡೂ ಒಂದೇ ಅನ್ನುತ್ತಾರೆ. ಇವರು ಕೂಡಿಸುತ್ತಿಲ್ಲ, ಖಾಲಿ ಉಳಿದದ್ದನ್ನು ಎಣಿಸುತ್ತಿದ್ದಾರೆ. ಇವರಿಗೆ 99/100ರ ಪ್ರಶ್ನೆಗಿಂತ ನೇರವಾದದ್ದು ಇದು: "ಆ ಕಮ್ಮಿಯಾದ ತುಂಡು ಎರಡರಲ್ಲೂ ಒಂದೇ ಅಳತೆಯದಾ?" ಒಂದು ಕಡೆ ಮೂರರಲ್ಲಿ ಒಂದು ಪಾಲು ಖಾಲಿ, ಇನ್ನೊಂದು ಕಡೆ ಐದರಲ್ಲಿ ಒಂದು ಪಾಲು ಖಾಲಿ. ಖಾಲಿ ಚಿಕ್ಕದಾದಷ್ಟೂ ತುಂಬಿದ್ದು ದೊಡ್ಡದು. ಹಾಗಾಗಿ 4/5 ಜಾಸ್ತಿ.

ಅನುಮಾನ ಬಂದಾಗ ಓರೆ ಗುಣಾಕಾರದಿಂದ ಪರೀಕ್ಷಿಸಿ: 2 × 5 = 10, 3 × 4 = 12. ಎರಡೂ ಒಂದೇ ಬಂದಿಲ್ಲ, ಆದ್ದರಿಂದ ಸಮಾನವಲ್ಲ. ಇದು ನಡೆಯುವುದಕ್ಕೆ ಕಾರಣ, ಎರಡನ್ನೂ ಹದಿನೈದು ಪಾಲಿಗೆ ತಂದಾಗ 10/15 ಮತ್ತು 12/15 ಆಗುತ್ತವೆ. ಆದರೆ ಇದನ್ನು ಪರೀಕ್ಷೆ ಮಾಡುವ ಉಪಕರಣವಾಗಿ ಮಾತ್ರ ಕೊಡಿ. ಮೊದಲ ದಿನವೇ ಕೊಟ್ಟರೆ ಮಗು ಗುಣಿಸಿ ಹೇಳುವುದನ್ನು ಕಲಿಯುತ್ತದೆ, ಪಾಲನ್ನು ನೋಡುವುದನ್ನು ಬಿಡುತ್ತದೆ.

ಲಕ್ಷಣ: ಛೇದ ಬದಲಾಗುತ್ತದೆ, ಅಂಶ ಹಾಗೇ ಉಳಿಯುತ್ತದೆ

ಇದು ಕೂಡುವ ಲೆಕ್ಕದಲ್ಲಿ ಹೆಚ್ಚಾಗಿ ಕಾಣುತ್ತದೆ. 2/3 + 1/4 ಕೊಟ್ಟಿದ್ದೀರಿ. ಮಗು 3 ಮತ್ತು 4ರ ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡರ ಮಗ್ಗಿಯಲ್ಲೂ ಬರುವ ಅತಿ ಚಿಕ್ಕ ಸಂಖ್ಯೆ) 12 ಎಂದು ಸರಿಯಾಗಿ ಕಂಡುಹಿಡಿಯುತ್ತದೆ. ಆಮೇಲೆ 2/12 + 1/12 = 3/12 ಎಂದು ಬರೆಯುತ್ತದೆ.

ಈ ಉತ್ತರವನ್ನು ಸಂಕ್ಷೇಪಿಸಲು ಹೇಳಿ. 3/12 ಎಂದರೆ 1/4. "ನೀನು 1/4ಕ್ಕೆ 2/3 ಸೇರಿಸಿದೆ. ಸೇರಿಸಿದ ಮೇಲೂ 1/4 ಇದೆ. ಆ 2/3 ಎಲ್ಲಿ ಹೋಯಿತು?" ಇಷ್ಟು ಸ್ಪಷ್ಟವಾಗಿ ತನ್ನನ್ನೇ ತಾನು ಹಿಡಿದುಕೊಡುವ ತಪ್ಪು ಸಿಗುವುದು ಅಪರೂಪ. ಅದಕ್ಕೇ ನಾನು ಈ ಎರಡು ಸಂಖ್ಯೆಗಳನ್ನೇ ಕೊಡುತ್ತೇನೆ.

ದೋಷ ಎಲ್ಲಿದೆ ಅಂದರೆ, ಲಸಾಅ ಹುಡುಕುವುದೇ ಕೆಲಸ, ಅದು ಸಿಕ್ಕ ಮೇಲೆ ಕೆಳಗೆ ಬರೆದರೆ ಮುಗಿಯಿತು ಅಂತ ಮಗು ಅಂದುಕೊಂಡಿದೆ. ಲಸಾಅ ಹೇಳುವುದು ತುಂಡಿನ ಅಳತೆಯನ್ನು ಮಾತ್ರ. ಅಂಥ ತುಂಡು ಎಷ್ಟಿವೆ ಅಂತ ಮತ್ತೆ ಎಣಿಸಬೇಕು. 2/3ರಲ್ಲಿ ಪ್ರತಿ ತುಂಡನ್ನೂ ನಾಲ್ಕು ಮಾಡಿದರೆ 8/12. 1/4ರಲ್ಲಿ ಪ್ರತಿ ತುಂಡನ್ನೂ ಮೂರು ಮಾಡಿದರೆ 3/12. ಕೂಡಿದರೆ 11/12.

"ಪ್ರತಿ ತುಂಡನ್ನೂ ನಾಲ್ಕು ಮಾಡು" ಅನ್ನುವ ಮಾತನ್ನು ಬೇಕೆಂದೇ ಬಳಸಿದ್ದೇನೆ. "ನಾಲ್ಕರಿಂದ ಗುಣಿಸು" ಅನ್ನುವುದು ಇಲ್ಲಿ ಅಪಾಯದ ಮಾತು. 2/3 × 4 ಎಂದರೆ 8/3, ಅದು ನಾಲ್ಕು ಪಟ್ಟು ದೊಡ್ಡದು. 2/3ನ್ನು 8/12 ಮಾಡುವಾಗ ನಾವು ಗುಣಿಸುವುದು 4/4ರಿಂದ, ಅಂದರೆ 1ರಿಂದ. ದೊಡ್ಡವರಾದ ನಾವು ಆ ಎರಡನ್ನೂ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಮುಂದೆ ಗುಣಾಕಾರದ ಪಾಠ ಬಂದಾಗ ಮಗು 2/3 × 4 = 8/12 ಎಂದು ಬರೆದರೆ, ಅದಕ್ಕೆ ಬೀಜ ಬಿತ್ತಿದ್ದು ಈ ಮಾತೇ.

ಲಕ್ಷಣ: ಉತ್ತರ ಸರಿ, ದಾರಿ ತಪ್ಪು

16/64 ಅನ್ನು ಸಂಕ್ಷೇಪಿಸು ಅಂದಿರಿ. ಮಗು ಮೇಲಿನ 6, ಕೆಳಗಿನ 6 ಎರಡನ್ನೂ ಹೊಡೆದು 1/4 ಎಂದು ಬರೆಯಿತು. ಉತ್ತರ ಸರಿಯಾಗಿದೆ! ತಿದ್ದುವವರು ಸರಿ ಗುರುತು ಹಾಕಿ ಮುಂದೆ ಹೋಗುತ್ತಾರೆ. ದೋಷ ಒಳಗೇ ಉಳಿಯುತ್ತದೆ.

ಎರಡಂಕಿಯ ಸಂಖ್ಯೆಗಳಲ್ಲಿ ಹೀಗೆ ಅಂಕಿ ಹೊಡೆದರೂ ಸರಿ ಉತ್ತರ ಬರುವ ಸಮ ಭಿನ್ನರಾಶಿಗಳು, 10/20ರಂತೆ ಸೊನ್ನೆ ಹೊಡೆಯುವವನ್ನು ಬಿಟ್ಟರೆ, ನಾಲ್ಕೇ: 16/64, 19/95, 26/65, 49/98. ಇವನ್ನು ನೆನಪಿಟ್ಟುಕೊಳ್ಳಿ, ಪರೀಕ್ಷೆಗೆ ಎಂದೂ ಕೊಡಬೇಡಿ. ಪರೀಕ್ಷಿಸಬೇಕಾದರೆ 12/24 ಕೊಡಿ. ಅಂಕಿ ಹೊಡೆಯುವ ಮಗು 1/4 ಎನ್ನುತ್ತದೆ, ಅರ್ಥ ಮಾಡಿಕೊಂಡ ಮಗು 1/2 ಎನ್ನುತ್ತದೆ. ದೋಷ ಸಿಕ್ಕಿದರೆ ತಿದ್ದುವ ಮಾತು ಒಂದೇ: 16ರಲ್ಲಿ ಇರುವ 6 ಗುಣಿಸಿ ಬಂದದ್ದಲ್ಲ, ಹತ್ತಕ್ಕೆ ಕೂಡಿ ಬಂದದ್ದು. ಹೊಡೆಯಬಹುದಾದದ್ದು ಗುಣಿಸಿ ಬಂದದ್ದನ್ನು ಮಾತ್ರ.

24/36ಕ್ಕೆ 12/18 ಎಂದು ಬರೆದು ನಿಲ್ಲಿಸಿದರೆ ಅದನ್ನು ಈ ಗುಂಪಿಗೆ ಸೇರಿಸಬೇಡಿ. 12/18 ಸಮಾನವೇ. ದಾರಿ ಸರಿ, ಇನ್ನೂ ನಡೆಯಬೇಕು ಅಷ್ಟೇ. ಅದಕ್ಕೆ ಕೆಂಪು ಗೀಟು ಎಳೆದರೆ ಮಗು ಸರಿಯಿದ್ದ ದಾರಿಯನ್ನೂ ಬಿಡುತ್ತದೆ. 91/117ರಂಥದ್ದು ಬಂದು ಯಾವುದರಿಂದ ಭಾಗಿಸಬೇಕು ಅಂತ ತಿಳಿಯದಿದ್ದರೆ ಕಳೆಯುತ್ತಾ ಹೋಗಿ: 117 − 91 = 26. 91ರಲ್ಲಿ 26 ಮೂರು ಸಲ ಹೋಗಿ 13 ಉಳಿಯುತ್ತದೆ. 26ರಲ್ಲಿ 13 ಸರಿಯಾಗಿ ಎರಡು ಸಲ ಹೋಗುತ್ತದೆ. ಹಾಗಾಗಿ 13ರಿಂದ ಭಾಗಿಸಿ: 7/9.

ಲಕ್ಷಣ: 6/8 = 9/? ಬಂದಾಗ "ಆಗಲ್ಲ" ಅನ್ನುತ್ತಾರೆ

3/5 = ?/20 ಸಲೀಸಾಗಿ ಮಾಡುತ್ತಾರೆ. 6/8 = 9/? ಬಂದಾಗ, 6ರ ಮಗ್ಗಿಯಲ್ಲಿ 9 ಇಲ್ಲ ಅಂತ ಕೈಬಿಡುತ್ತಾರೆ. ಇಲ್ಲವೇ ಮೂರು ಕೂಡಿಸಿ 9/11 ಎಂದು ಬರೆಯುತ್ತಾರೆ. ಹತ್ತಲು ಮೆಟ್ಟಿಲು ಸಿಗದಿದ್ದರೆ ಮೊದಲು ಇಳಿಯಬೇಕು. 6/8 ಇಳಿದರೆ 3/4. ಅಲ್ಲಿಂದ ಹತ್ತಿದರೆ 9/12. ಮಗು 9/11 ಬರೆದಿದ್ದರೆ, ಮೇಲೆ ಹೇಳಿದ ಕೂಡಿಸುವ ದೋಷ ಇನ್ನೂ ಪೂರ್ತಿ ಹೋಗಿಲ್ಲ, ಸುಲಭದ ಲೆಕ್ಕಗಳಲ್ಲಿ ಅಡಗಿ ಕೂತಿತ್ತು ಎಂದು ಅರ್ಥ.

ಮಿಶ್ರದಿಂದ ವಿಷಮಕ್ಕೆ: ಉತ್ತರ ನೋಡಿ ದೋಷ ಹೇಳುವುದು

ಈಗ ಆ ಹುಡುಗಿಯ 11/5ಕ್ಕೆ ಬರೋಣ. 3 2/5ಕ್ಕೆ ಸರಿ ಉತ್ತರ 17/5. ಐದು ಮೂರ್ಲ ಹದಿನೈದು, ಜೊತೆಗೆ ಎರಡು. ನಾನು ಪರೀಕ್ಷೆಗೆ ಈ ಸಂಖ್ಯೆಯನ್ನೇ ಕೊಡುವುದಕ್ಕೆ ಕಾರಣ, ಇದರಲ್ಲಿ ಪ್ರತಿ ತಪ್ಪಿಗೂ ಬೇರೆ ಬೇರೆ ಉತ್ತರ ಬರುತ್ತದೆ.

11/5 ಬಂದರೆ: ಪೂರ್ಣವನ್ನು ಅಂಶದಿಂದ ಗುಣಿಸಿ ಛೇದ ಕೂಡಿಸಿದೆ. ಸೂತ್ರ ಬಾಯಿಪಾಠ ಇದೆ, ಅದರ ಅರ್ಥ ಇಲ್ಲ.

32/5 ಬಂದರೆ: 3 ಮತ್ತು 2 ಪಕ್ಕಪಕ್ಕ ಇವೆ ಅಂತ ಅಂಟಿಸಿ ಮೂವತ್ತೆರಡು ಮಾಡಿದೆ. ಮಿಶ್ರ ಭಿನ್ನರಾಶಿ ಅಂದರೇನು ಅನ್ನುವಲ್ಲಿಂದಲೇ ಶುರುಮಾಡಬೇಕು. ಬರೆಯುವಾಗ ಪೂರ್ಣ ಸಂಖ್ಯೆಯನ್ನು ದೊಡ್ಡದಾಗಿ, ಭಿನ್ನರಾಶಿಯನ್ನು ಸ್ವಲ್ಪ ದೂರದಲ್ಲಿ ಚಿಕ್ಕದಾಗಿ ಬರೆದರೂ ಅರ್ಧ ತೊಂದರೆ ತಪ್ಪುತ್ತದೆ.

6/5 ಬಂದರೆ: 3 × 2/5 ಎಂದು ಗುಣಿಸಿದೆ. ಇದು ದೊಡ್ಡ ಮಕ್ಕಳಲ್ಲಿ ಜಾಸ್ತಿ, ಯಾಕೆಂದರೆ ಬೀಜಗಣಿತದಲ್ಲಿ ಸಂಖ್ಯೆ ಮತ್ತು ಅಕ್ಷರ ಪಕ್ಕಪಕ್ಕ ಬಂದರೆ ಗುಣಿಸಬೇಕು ಅಂತ ಕಲಿತಿರುತ್ತಾರೆ. ಅವರ ತಪ್ಪು ಅಂತ ಹೇಳಲಾಗದು. ಒಂದೇ ಬರವಣಿಗೆಗೆ ಗಣಿತ ಎರಡು ಅರ್ಥ ಕೊಟ್ಟಿದೆ.

5/5 ಅಥವಾ 10/5 ಬಂದರೆ ಕಂಡದ್ದನ್ನೆಲ್ಲ ಕೂಡಿಸಿದೆ. 15/5 ಬಂದರೆ ಪೂರ್ಣವನ್ನು ಸರಿಯಾಗಿ ಬದಲಾಯಿಸಿ, ಉಳಿದ 2/5 ಅನ್ನು ಮರೆತಿದೆ. ಇದು ಗಮನದ ದೋಷ, ತಿಳುವಳಿಕೆ ಸರಿಯಿದೆ. ಬರೀ 17 ಬಂದರೆ ಛೇದ ಬಿಟ್ಟುಹೋಗಿದೆ. "ಹದಿನೇಳು ಏನು?" ಅಂತ ಕೇಳಿದರೆ ಸಾಕು.

17/15 ಬಂದರೆ ಸ್ವಲ್ಪ ನಿಲ್ಲಿ. ಮಗು ಛೇದವನ್ನೂ ಮೂರರಿಂದ ಗುಣಿಸಿದೆ. "ಮೇಲೆ ಮಾಡಿದ್ದನ್ನು ಕೆಳಗೂ ಮಾಡು" ಅನ್ನುವ ಸಮಾನ ಭಿನ್ನರಾಶಿಯ ನಿಯಮವನ್ನು ಇಲ್ಲಿಗೂ ತಂದಿದೆ. ಕಲಿತದ್ದನ್ನು ನೆನಪಿಟ್ಟುಕೊಂಡು ತಪ್ಪು ಜಾಗದಲ್ಲಿ ಬಳಸಿದೆ. ಅದಕ್ಕೆ ತೋರಿಸಬೇಕಾದದ್ದು ಇದು: ಇಲ್ಲಿ ನಾವು ತುಂಡನ್ನು ಇನ್ನೂ ಚಿಕ್ಕದು ಮಾಡುತ್ತಿಲ್ಲ. ಐದರ ಪಾಲು ಐದರ ಪಾಲಾಗಿಯೇ ಉಳಿಯುತ್ತದೆ. ಪೂರ್ಣಗಳನ್ನು ಅದೇ ಅಳತೆಯ ತುಂಡು ಮಾಡಿ ಎಣಿಸುತ್ತಿದ್ದೇವೆ.

ಇನ್ನು ಪರೀಕ್ಷೆಗೆ ಯಾವ ಸಂಖ್ಯೆ ಕೊಡಬಾರದು ಅನ್ನುವುದು. ಇದನ್ನು ನಾನು ತಡವಾಗಿ ಕಂಡುಕೊಂಡೆ, ಕಂಡಾಗ ನಿಜವಾಗಿ ಬೆಚ್ಚಿದೆ. 1 3/4 ತೆಗೆದುಕೊಳ್ಳಿ. ಸರಿಯಾದ ದಾರಿ: 1 × 4 + 3 = 7. ಆ ಹುಡುಗಿಯ ತಪ್ಪು ದಾರಿ: 1 × 3 + 4 = 7. ಎರಡೂ 7/4! 1 1/2, 1 2/3, ಯಾವುದೇ ಇರಲಿ, ಪೂರ್ಣ ಸಂಖ್ಯೆ 1 ಆಗಿದ್ದರೆ ಈ ದೋಷ ಎಂದಿಗೂ ಹೊರಗೆ ಬರುವುದಿಲ್ಲ. ಹೇಳಿಕೊಡುವಾಗ ಸುಲಭ ಇರಲಿ ಅಂತ ನಾವು ಮೊದಲು ಕೊಡುವುದೇ ಇಂಥವನ್ನು. ಮಗು ನಾಲ್ಕೈದು ಲೆಕ್ಕ ಸರಿ ಮಾಡುತ್ತದೆ, ಪ್ರತಿ ಸಲ ಶಭಾಷ್ ಅನ್ನಿಸಿಕೊಳ್ಳುತ್ತದೆ, ತಪ್ಪು ದಾರಿ ಗಟ್ಟಿಯಾಗುತ್ತಾ ಹೋಗುತ್ತದೆ. ಆ ಹುಡುಗಿಗೂ ಆದದ್ದು ಹೀಗೇ. ಅವಳ ನೋಟ್ ಪುಸ್ತಕದ ಹಿಂದಿನ ಪುಟಗಳಲ್ಲಿ ನಾನೇ ಸರಿ ಗುರುತು ಹಾಕಿದ್ದ ಲೆಕ್ಕಗಳಲ್ಲೆಲ್ಲ ಪೂರ್ಣ ಸಂಖ್ಯೆ 1 ಇತ್ತು. 2 2/7ರಂಥದ್ದೂ ಬೇಡ. 2 × 2 ಮತ್ತು 2 + 2 ಒಂದೇ ಆಗಿ, ಮಗು ಗುಣಿಸಿತೋ ಕೂಡಿಸಿತೋ ಗೊತ್ತಾಗುವುದಿಲ್ಲ. ಪೂರ್ಣ, ಅಂಶ, ಛೇದ ಮೂರೂ ಬೇರೆ ಬೇರೆ ಇರಲಿ, ಪೂರ್ಣ ಮೂರು ಅಥವಾ ಅದಕ್ಕಿಂತ ದೊಡ್ಡದಿರಲಿ.

ಸರಿಪಡಿಸುವುದು

ಇದಕ್ಕೆ ಕನ್ನಡವೇ ಒಂದು ದಾರಿ ಕೊಟ್ಟಿದೆ. ಹುಡುಗಿಯನ್ನು ಕೇಳಿದೆ, "ಎರಡೂಮುಕ್ಕಾಲು ಅಂದರೆ ಎಷ್ಟು ಕಾಲು?"

ಬೆರಳು ಮಡಚುತ್ತಾ ಹೇಳಿದಳು: "ಒಂದಕ್ಕೆ ನಾಲ್ಕು ಕಾಲು, ಇನ್ನೊಂದಕ್ಕೆ ನಾಲ್ಕು, ಎಂಟು. ಮುಕ್ಕಾಲು ಅಂದರೆ ಮೂರು ಕಾಲು. ಹನ್ನೊಂದು ಕಾಲು."

"ಅದನ್ನೇ ಬರೆ."

11/4 ಎಂದು ಬರೆದು ಒಂದು ಗಳಿಗೆ ಸುಮ್ಮನೆ ಅದನ್ನೇ ನೋಡಿದಳು. ಆಮೇಲೆ ಎದುರಿಗೆ 2 3/4 ಎಂದೂ ಬರೆದಳು. ಸೂತ್ರ ಹೇಳದೆಯೇ ಲೆಕ್ಕ ಆಗಿತ್ತು.

"ಎರಡೂಮುಕ್ಕಾಲು" ಪದವನ್ನು ಬಿಡಿಸಿ ನೋಡಿ. ನಡುವೆ ಒಂದು "ಊ" ಇದೆ. ಎರಡೂ, ಅದರ ಜೊತೆ ಮುಕ್ಕಾಲೂ. 2 3/4 ಎಂದು ಬರೆಯುವಾಗ ಕಾಣದೆ ಹೋಗುವ ಕೂಡು ಚಿಹ್ನೆ ಆ "ಊ"ನಲ್ಲಿ ಕೇಳಿಸುತ್ತದೆ. "ಮುಕ್ಕಾಲು" ಕೂಡ ಹಾಗೇ: ಮೂರು ಕಾಲು. ಕಾಲು ಎಂದರೆ ತುಂಡಿನ ಅಳತೆ, ಮೂರು ಎಂದರೆ ಎಷ್ಟು ತುಂಡು. ಛೇದ ಮತ್ತು ಅಂಶ ಮಾಡುವ ಕೆಲಸ ಇದೇ. ಛೇದ ತುಂಡಿಗೆ ಹೆಸರು ಕೊಡುತ್ತದೆ, ಅಂಶ ಎಣಿಸುತ್ತದೆ.

ಕಾಲಿನಲ್ಲಿ ಬಂದ ಮೇಲೆ ಐದರ ಪಾಲಿಗೆ ಹೋಗಿ. 3 2/5 ಅನ್ನು ಮೊದಲ ಕೆಲವು ದಿನ ಪೂರ್ತಿ ಬಿಡಿಸಿಯೇ ಬರೆಸಿ:

3 2/5 = 3 + 2/5 = 15/5 + 2/5 = 17/5

ಉದ್ದ ಆಯಿತು ಅಂತ ಮಕ್ಕಳು ಗೊಣಗುತ್ತಾರೆ. ಬರೆಯಲಿ. ಮಧ್ಯದ 15/5 ಇಲ್ಲದೆ "ಗುಣಿಸಿ ಕೂಡಿಸು" ಗಾಳಿಯಲ್ಲಿ ನೇತಾಡುತ್ತದೆ. ಹತ್ತು ಹನ್ನೆರಡು ಲೆಕ್ಕ ಆದ ಮೇಲೆ ಮಗು ತಾನೇ ಆ ಹೆಜ್ಜೆಯನ್ನು ಮನಸ್ಸಿನಲ್ಲಿ ಮಾಡಿಕೊಂಡು ನೇರ ಉತ್ತರ ಬರೆಯುತ್ತದೆ. ಆಗ ಬಿಟ್ಟುಬಿಡಿ, ಅದು ಗಳಿಸಿದ ಸೂತ್ರ.

ಉತ್ತರ ನೋಡಿಕೊಳ್ಳುವುದಕ್ಕೂ ಒಂದು ಅಭ್ಯಾಸ ಮಾಡಿಸಿ. 3 2/5 ಮೂರಕ್ಕಿಂತ ಜಾಸ್ತಿ, ನಾಲ್ಕಕ್ಕಿಂತ ಕಡಿಮೆ. ಅಂದರೆ 15/5 ಮತ್ತು 20/5ರ ನಡುವೆ ಇರಬೇಕು. 11/5, 6/5, 32/5 ಎಲ್ಲವೂ ಈ ಒಂದು ಜರಡಿಯಲ್ಲೇ ಸಿಕ್ಕಿಬೀಳುತ್ತವೆ.

ತಿರುಗಿ ಬರುವಾಗ: 17/5 ಮತ್ತೆ ಮಿಶ್ರ

17ನ್ನು 5ರಿಂದ ಭಾಗಿಸಿದರೆ ಭಾಗಲಬ್ಧ 3, ಶೇಷ 2. ಭಾಗಾಕಾರ ಎಲ್ಲರೂ ಸರಿ ಮಾಡುತ್ತಾರೆ, ಮೂರು ಸಂಖ್ಯೆಗಳನ್ನು ಎಲ್ಲಿ ಇಡುವುದು ಅನ್ನುವಲ್ಲಿ ಎಡವುತ್ತಾರೆ. 2 3/5, 5 2/3, ಹೀಗೆಲ್ಲ ಬರುತ್ತದೆ. ಛೇದ ತುಂಡಿನ ಹೆಸರು, ಹೆಸರು ಬದಲಾಗುವುದಿಲ್ಲ ಅನ್ನುವುದು ಗಟ್ಟಿಯಾದರೆ 5 ಕೆಳಗೇ ಉಳಿಯುತ್ತದೆ. ಉಳಿದ ತುಂಡು ಎರಡು, ಅದು ಮೇಲೆ.

ಹುಷಾರಾಗಿರಬೇಕಾದ ಒಂದು ಉತ್ತರ 3.2. ಶೇಷವನ್ನು ಬಿಂದುವಿನ ಮುಂದೆ ಬರೆದುಬಿಟ್ಟಿದ್ದಾರೆ. 3.2 ಎಂದರೆ 3 2/10, ಅಂದರೆ 3 1/5. ನಮಗೆ ಬೇಕಾದ 3 2/5 ದಶಮಾಂಶದಲ್ಲಿ 3.4. ಶೇಷ 2 ಇರುವುದು ಐದರ ಪಾಲಿನಲ್ಲಿ, ಹತ್ತರ ಪಾಲಿನಲ್ಲಿ ಅಲ್ಲ.

ಮುಂದಿನ ಪಾಠಗಳಲ್ಲಿ ಇದೇ ದೋಷ ಬೇರೆ ವೇಷದಲ್ಲಿ

ಕಳೆಯುವಲ್ಲಿ: 4 1/5 − 1 3/5. ಒಂದರಿಂದ ಮೂರು ಕಳೆಯಲಾಗದು, ಪಕ್ಕದಿಂದ ಒಂದು ತರಬೇಕು. ಮಗು ಹಳೇ ಅಭ್ಯಾಸದಲ್ಲಿ ಹತ್ತು ತಂದು 3 11/5 ಮಾಡುತ್ತದೆ. ಉತ್ತರ 2 8/5, ಅಂದರೆ 3 3/5 ಬರುತ್ತದೆ. ಸರಿ ಉತ್ತರ 2 3/5. ಒಂದು ಪೂರ್ಣವನ್ನು ಒಡೆದರೆ ಇಲ್ಲಿ ಸಿಗುವುದು ಐದು ತುಂಡು, ಹತ್ತಲ್ಲ: 3 6/5 − 1 3/5. ಉತ್ತರ ಸರಿಯಾಗಿ ಒಂದು ಪೂರ್ಣದಷ್ಟು ಜಾಸ್ತಿ ಬಂದಿದ್ದರೆ ಮತ್ತು ಛೇದ 5 ಇದ್ದರೆ, ಕಾರಣ ಇದೇ ಇರುತ್ತದೆ.

ಗುಣಿಸುವಲ್ಲಿ: 2 1/2 × 3 1/3 = 6 1/6 ಎಂದು ಬರೆಯುತ್ತಾರೆ. ಪೂರ್ಣಕ್ಕೆ ಪೂರ್ಣ, ಭಿನ್ನಕ್ಕೆ ಭಿನ್ನ. ಆದರೆ ಬರೀ 2 1/2 × 3 ಮಾಡಿದರೇ 7 1/2 ಬರುತ್ತದೆ, 3 1/3ರಿಂದ ಗುಣಿಸಿದರೆ ಅದಕ್ಕಿಂತ ಕಡಿಮೆ ಬರಲು ಹೇಗೆ ಸಾಧ್ಯ? 5/2 × 10/3 = 50/6, ಅಂದರೆ 8 1/3. ವಿಷಮ ಭಿನ್ನರಾಶಿ ಯಾಕೆ ಬೇಕು ಅಂತ ಕೇಳುವ ಮಗುವಿಗೆ ಇದೇ ಉತ್ತರ. ಕ್ರಿ.ಶ. 628ರಲ್ಲಿ ಗಣಿತಜ್ಞ ಬ್ರಹ್ಮಗುಪ್ತ ಭಿನ್ನರಾಶಿಗಳ ಗುಣಾಕಾರ ಹೇಳುವಾಗಲೂ ಮೊದಲು ಹೇಳುವುದು ಪೂರ್ಣವನ್ನು ಛೇದದಿಂದ ಗುಣಿಸಿ ಅಂಶ ಸೇರಿಸಿಕೊಳ್ಳಿ ಅಂತಲೇ. ಗುಣಿಸುವುದು ಆಮೇಲೆ. ಆಗ ಮಧ್ಯದ ಗೆರೆ ಕೂಡ ಇರಲಿಲ್ಲ, ಅಂಶದ ಕೆಳಗೆ ಛೇದ ಬರೆಯುತ್ತಿದ್ದರು ಅಷ್ಟೇ. ಹದಿನಾಲ್ಕು ನೂರು ವರ್ಷದ ಹಿಂದಿನ ಈ ಕ್ರಮವನ್ನೇ ನಾವು ಇವತ್ತೂ ಹೇಳಿಕೊಡುತ್ತಿದ್ದೇವೆ ಅಂತ ನೆನೆದಾಗ ನನಗೆ ಖುಷಿಯಾಗುತ್ತದೆ.

ಋಣ ಚಿಹ್ನೆ ಬಂದರೆ: −3 2/5 ಎಂದರೆ −17/5. −13/5 ಬರೆದಿದ್ದರೆ ಋಣ ಚಿಹ್ನೆಯನ್ನು 3ಕ್ಕೆ ಮಾತ್ರ ಅಂಟಿಸಿದ್ದಾರೆ. ಆವರಣ ಹಾಕಿಸಿ: −(3 + 2/5).

ಯಂತ್ರ ತಪ್ಪು ಹೇಳಿದಂತೆ ಕಂಡರೆ

ಮೊಬೈಲ್ ಕ್ಯಾಲ್ಕ್ಯುಲೇಟರ್‌ನಲ್ಲಿ 3 2 ÷ 5 ಒತ್ತಿದರೆ ಅದು ಮೂವತ್ತೆರಡನ್ನು ಐದರಿಂದ ಭಾಗಿಸಿ 6.4 ಕೊಡುತ್ತದೆ. 3 + 2 ÷ 5 ಒತ್ತಿ, 3.4 ಬರುತ್ತದೆ. 17 ÷ 5 ಕೂಡ 3.4. ಎರಡೂ ಒಂದೇ ಬಂದರೆ ಪರಿವರ್ತನೆ ಸರಿ. ತುಂಬಾ ಹಳೆಯ, ಅಗ್ಗದ ಕ್ಯಾಲ್ಕ್ಯುಲೇಟರ್‌ಗಳು ಒತ್ತಿದ ಕ್ರಮದಲ್ಲೇ ಲೆಕ್ಕ ಮಾಡಿ 1 ಎಂದು ತೋರಿಸಬಹುದು. ಅಂಥದ್ದರಲ್ಲಿ ಮೊದಲು 2 ÷ 5, ಆಮೇಲೆ + 3. ಎಕ್ಸೆಲ್‌ನಲ್ಲಿ 3/5 ಟೈಪ್ ಮಾಡಿದರೆ ಅದು ದಿನಾಂಕ ಆಗಿಬಿಡುತ್ತದೆ. ಸೊನ್ನೆ, ಒಂದು ಜಾಗ, ಆಮೇಲೆ 3/5 ಎಂದು ಟೈಪ್ ಮಾಡಿದರೆ ಭಿನ್ನರಾಶಿಯಾಗಿ ತೆಗೆದುಕೊಳ್ಳುತ್ತದೆ.

ದೋಷ ಹೋಯಿತಾ ಅಂತ ನೋಡುವುದು

ಅದೇ ದಿನ ನೋಡಬೇಡಿ. ಆ ದಿನ ಎಲ್ಲರೂ ಸರಿ ಮಾಡುತ್ತಾರೆ. ಮೂರು ನಾಲ್ಕು ದಿನ ಬಿಟ್ಟು, ಬೇರೆ ಏನೋ ಲೆಕ್ಕದ ನಡುವೆ, ಈ ನಾಲ್ಕನ್ನು ಹೇಳದೆ ಸೇರಿಸಿ: 4 3/7, 6 1/9 ಎರಡನ್ನೂ ವಿಷಮ ಮಾಡು; 29/8ನ್ನು ಮಿಶ್ರ ಮಾಡು; 10/12 = ?/18. ಉತ್ತರ 31/7, 55/9, 3 5/8, 15. ಮೊದಲನೆಯದಕ್ಕೆ 19/7 ಬಂದರೆ ಹಳೇ ಅದಲು ಬದಲು ಇನ್ನೂ ಇದೆ, ಕಾಗದದ ಪಟ್ಟಿಯನ್ನು ಮತ್ತೆ ತೆಗೆಯಿರಿ. ಕೊನೆಯದಕ್ಕೆ 16 ಬಂದರೆ ಕೂಡಿಸುವ ದೋಷ, 99/100ರ ಪ್ರಶ್ನೆಗೆ ವಾಪಸ್ ಹೋಗಿ.

ಆ ಹುಡುಗಿ ನಾಲ್ಕನೇ ದಿನ 4 3/7ಕ್ಕೆ 31/7 ಬರೆದಳು. ಪಕ್ಕದಲ್ಲಿ, ನಾನು ಹೇಳದಿದ್ದರೂ, ಸಣ್ಣ ಅಕ್ಷರದಲ್ಲಿ 28/7 ಎಂದು ಬರೆದುಕೊಂಡಿದ್ದಳು.